ಮಗಳ ದವಡೆಯ ಕೀಲಿ

ಚಿಂತೆ ಮಾಡಲು ಕಾರಣ ಬೇಕೆನ್ನುವವರು ಬರೀ ಹವ್ಯಾಸಿಗಳು. ನನಗೆ ಅದೇ ಕಸುಬು. ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆಯ ಅಂಗಡಿ ಇಟ್ಟಿರುವುದು ಸುಮ್ಮನೆ ಹೊಟ್ಟೆಪಾಡಿಗೆ. ಅಂಥವನಿಗೆ ಒಂಬತ್ತು ವರ್ಷದ ಮಗಳು ಶೈಲಾಳ ಬಾಯಿ ಕೈತುಂಬ ಕೆಲಸ ಕೊಟ್ಟಿತು. ಹೊಸ ಹಲ್ಲುಗಳು, ಕಿಟಕಿಯಿಂದ ಟವೆಲ್ ಹಾಕಿ ಬಸ್ಸಿನ ಸೀಟು ಹಿಡಿದವರಂತೆ, ಒಂದರ ಮೇಲೊಂದು ಏರಿ ಕೂತಿದ್ದವು. ಮೊಳಕಾಲ್ಮೂರಿನಲ್ಲಿ ಭಾವಮೈದುನನ ಮದುವೆಯ ದಿನ ಫೋಟೋದವನು "ಚೆಯ್ಯಿ ತೀಯಮ್ಮಾ, ಕೈ ತೆಗಿಯಮ್ಮಾ" ಎಂದು ತೆಲುಗು, ಕನ್ನಡ ಎರಡರಲ್ಲೂ ಬೇಡಿಕೊಂಡರೂ ಅವಳು ಬಾಯಿಗೆ ಅಡ್ಡ ಹಿಡಿದ ಕೈ ತೆಗೆಯಲಿಲ್ಲ. ಮಗಳು ಬಾಯಿ ತೆರೆದು ನಗುವುದನ್ನೇ ಬಿಟ್ಟಿದ್ದಾಳೆಂದು ನನಗೆ ಹೊಳೆದದ್ದು ಆವತ್ತು.

ದಾವಣಗೆರೆಯಿಂದ ಸೋಮವಾರ ಸೋಮವಾರ ಬರುತ್ತಿದ್ದ ಹಲ್ಲಿನ ಡಾಕ್ಟರು, "ದವಡೆ ಇನ್ನೂ ಬೆಳೀತಾ ಇದೆ. ಈಗ ಅಗಲ ಮಾಡಿದ್ರೆ ಹಲ್ಲಿಗೆ ಜಾಗ ಸಿಗುತ್ತೆ. ತಡವಾದ್ರೆ ಗಟ್ಟಿ ಹಲ್ಲನ್ನೇ ಕೀಳಬೇಕಾದೀತು" ಎಂದು, ಅಂಗುಳಕ್ಕೆ ಕೂರುವ ಒಂದು ಪ್ಲೇಟು ಮಾಡಿಸಿಕೊಟ್ಟರು. ಅದರ ನಡುವೆ ಪುಟ್ಟ ತಿರುಪು. ಪ್ರತಿ ಸೋಮವಾರ ಪ್ಲೇಟು ತೆಗೆದು, ಕೀಲಿಯಿಂದ ತಿರುಪನ್ನು ಒಂದಿಷ್ಟು ತಿರುಗಿಸಿ, ಮತ್ತೆ ಕೂರಿಸಬೇಕು. ಕೀಲಿ ಕೊಟ್ಟದ್ದು ನನ್ನ ಕೈಗೆ.

ಮೊದಲ ಸೋಮವಾರವೇ ಅವ್ವ ಅಡ್ಡ ನಿಂತಳು. "ಸೋಮವಾರ ಎತ್ತಿನ ಹೆಗಲಿಗೇ ನೊಗ ಇಡಲ್ಲ ನಾವು. ಮಗಿನ ಬಾಯಿಗೆ ಇಡ್ತೀಯೇನಲೇ?"

ನಾನು ತಕ್ಷಣ ಒಪ್ಪಿದೆ. ಭಕ್ತಿಯಿಂದೇನಲ್ಲ, ನನಗೂ ಒಂದು ನೆಪ ಬೇಕಿತ್ತು. ಮಂಗಳವಾರ ಅವ್ವನೇ ಬೇಡವೆಂದಳು. ಮಾರನೆಯ ದಿನ ಅಮಾವಾಸ್ಯೆ. ಉಳಿದ ದಿನಗಳಲ್ಲಿ ಮಗಳ ದವಡೆ ಶೇಂಗಾಕಾಯಿಯಂತೆ ಬಿರಿದೀತೆಂಬ ನನ್ನದೇ ಭಯ. ಧೈರ್ಯ ಮಾಡಿ ತಿರುಗಿಸಿದರೂ, ಅವಳು "ಬಿಗಿ ಆಗೈತಪ್ಪ" ಎಂದರೆ ಸಾಕು, ಪ್ಲೇಟು ತೆಗೆದು ಹಿಂದಕ್ಕೆ ತಿರುಗಿಸಿಬಿಡುತ್ತಿದ್ದೆ.

ಕೆಲವು ತಿಂಗಳಾದ ಮೇಲೆ ಡಾಕ್ಟರು ಅಳತೆ ತೆಗೆದರು. ಕನ್ನಡಕ ಒರೆಸಿಕೊಂಡು ಮತ್ತೆ ತೆಗೆದರು. "ಕದಲೇ ಇಲ್ವಲ್ರೀ ಇದು. ತಿರುಗಿಸ್ತಿದ್ದೀರಾ?"

"ತಿರುಗಿಸ್ತಾನೆ," ಶೈಲಾ ಬೆರಳಸಂದಿಯಿಂದ ಹೇಳಿದಳು, "ಆಮ್ಯಾಲೆ ಹೆದರ್ಕಂಡು ವಾಪಸ್ ತಿರುಗಿಸ್ತಾನೆ."

ಡಾಕ್ಟರು ನಗಲಿಲ್ಲ. ಒಳ್ಳೆಯ ತಿಂಗಳುಗಳು ಹಾಳಾದವು, ಇನ್ನು ಹಲ್ಲು ಕೀಳದೆ ಆದೀತೆಂದು ಮಾತು ಕೊಡಲಾರೆ ಎಂದರು. ಕೀಲಿಯನ್ನು ನನ್ನಿಂದ ಇಸಿದುಕೊಂಡು, ಜೊತೆಗೆ ಬಂದಿದ್ದ ಹೆಂಡತಿಯ ಕೈಗಿಟ್ಟರು.

ಈಗ ಸೋಮವಾರ ಅವ್ವ ಪೂಜೆಗೆ ಕೂತ ಹೊತ್ತಿನಲ್ಲಿ ಹೆಂಡತಿ ಹಿತ್ತಲಿನಲ್ಲಿ ತಿರುಪು ತಿರುಗಿಸಿ ಪ್ಲೇಟು ಕೂರಿಸುತ್ತಾಳೆ. ಆಗೆಲ್ಲ ಶೈಲಾ ನನ್ನ ಕೈ ಬಿಗಿಯಾಗಿ ಹಿಡಿದುಕೊಳ್ಳುತ್ತಾಳೆ. ಪಾಪ, ಮಗುವಿಗೆ ಅಪ್ಪನ ಧೈರ್ಯ ಬೇಕಲ್ಲ ಎಂದು ಒಳಗೊಳಗೇ ಬೀಗುತ್ತಿದ್ದೆ. ಮೊನ್ನೆ ಪ್ಲೇಟು ಕೂತೊಡನೆ, ಕಣ್ಣಲ್ಲಿ ನೀರು ತುಂಬಿಕೊಂಡೇ, ತೊದಲುತ್ತ ಅಂದಳು: "ಆತಪ್ಪ, ಮುಗೀತು. ಇನ್ನ ಕಣ್ ಬಿಡು."