ಕಲ್ಲಿನ ಸದ್ದು ಅಡಗಿಸಲು ತಂದ ಮಿಷನ್ನು

ಮನೆತನದಲ್ಲಿ ಮೊದಲು ಡಿಗ್ರಿ ಪಡೆದವನ ಕಷ್ಟ ಎರಡನೆಯವನಿಗೆ ಅರ್ಥವಾಗುವುದಿಲ್ಲ. ಮೊದಲನೆಯವನಿಗೆ ಎಲ್ಲವೂ ಗೊತ್ತಿರಬೇಕು. ರೇಡಿಯೋ ಗೊರಗೊರ ಅಂದರೆ ಅವನನ್ನು ಕರೆಯುತ್ತಾರೆ, ಸೊಸೆ ಮುನಿಸಿಕೊಂಡು ತವರಿಗೆ ಹೋದರೆ ಅವನನ್ನು ಕರೆಯುತ್ತಾರೆ, ಎಮ್ಮೆ ಹಾಲು ಕೊಡದಿದ್ದರೂ “ಓದಿರೋನು ಒಂದ್ಸಲ ಬಂದು ನೋಡ್ಲಿ” ಅನ್ನುತ್ತಾರೆ. ನಾನು ಬಿ.ಎಸ್ಸಿ., ಅದರಲ್ಲೂ ಭೌತಶಾಸ್ತ್ರ. ಹಲಸೂರು ಕೆರೆಯ ಕಡೆ ಒಂದೇ ಕೋಣೆಯ ಮನೆಯಲ್ಲಿ, ದಂಡಿನ, ಅಂದರೆ ಕಂಟೋನ್ಮೆಂಟಿನ, ಬಂಗಲೆಗಳಿಂದ ಬಂದ ಕೊಳೆ ಬಟ್ಟೆಯ ಗಂಟುಗಳನ್ನೇ ಮೇಜು ಮಾಡಿಕೊಂಡು ಓದಿ ಪಾಸಾದವನು. ನಾವು ಬಟ್ಟೆ ಒಗೆಯುವ ಜನ. ಅಪ್ಪ ಬೇಗ ಹೋಗಿಬಿಟ್ಟ; ಅಮ್ಮ ಒಗೆದಳು, ನಾನು ಓದಿದೆ. ಹೀಗೆ ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಹೇಳಿಕೊಳ್ಳದಿದ್ದರೆ ಜನ ತಾವಾಗಿಯೇ ಪತ್ತೆಮಾಡಿ ನಮಗೇ ಬಂದು ಹೇಳುತ್ತಾರೆ, ಅದು ಇನ್ನೂ ಕಷ್ಟ.

ಇನ್ಷೂರೆನ್ಸ್ ಆಫೀಸಿನಲ್ಲಿ ಕೆಲಸ ಸಿಕ್ಕಿ ಇಂದಿರಾನಗರದ ಸ್ಟಾಫ್ ಕ್ವಾರ್ಟರ್ಸಿಗೆ ಬಂದಾಗ ಅಮ್ಮನಿಗೆ ಒಂದೇ ಮಾತು ಹೇಳಿದೆ: “ಇನ್ಮೇಲೆ ಬೇರೆಯವ್ರ ಬಟ್ಟೆ ಮುಟ್ಬೇಡ.” ಅವಳು ಮುಟ್ಟಲಿಲ್ಲ. ಆದರೆ ನಮ್ಮ ಬಟ್ಟೆ ಒಗೆಯಬೇಕಲ್ಲ! ಕ್ವಾರ್ಟರ್ಸಿನ ಪ್ರತಿ ಮನೆಯ ಹಿತ್ತಲಲ್ಲೂ ಒಗೆಯುವ ಕಲ್ಲಿತ್ತು, ಎಲ್ಲರ ಮನೆಯಲ್ಲೂ ಹೆಂಗಸರೇ ಒಗೆಯುತ್ತಿದ್ದರು. ಮಿಕ್ಕವರದ್ದು ಕುಕ್ಕುವ ಸದ್ದು. ಅಮ್ಮನದ್ದು ತಲೆಯ ಮೇಲಿಂದ ಬೀಸಿ ಬಡಿಯುವ ಸದ್ದು, ಒಂದೊಂದು ಏಟಿಗೂ ಹಲ್ಲಿನ ಸಂದಿಯಿಂದ ‘ಹುಸ್ಸ್’ ಎಂಬ ಉಸಿರು. ಕೆರೆಯ ದಂಡೆಯಲ್ಲಿ ಕಲಿತ ಆ ‘ಹುಸ್ಸ್’ ಒಂದು ಸಾಕು, ಜಾತಿ ಪ್ರಮಾಣಪತ್ರ ಬೇಕಾಗಿಲ್ಲ. ಪಕ್ಕದ ಮನೆಯ ಶಾಮರಾಯರು ನಮ್ಮ ಸೆಕ್ಷನ್ನಿನ ಸೂಪರಿಂಟೆಂಡೆಂಟರು, ನನ್ನ ರಜೆಗೆ ಸಹಿ ಹಾಕುವವರು. ಸಂಗೀತ ಕಚೇರಿ ಕೇಳುವವರಂತೆ ತಲೆದೂಗಿ, “ಏನ್ರೀ ಮುನಿರಾಜು, ನಿಮ್ಮ ತಾಯಿಯವರದು ಒಳ್ಳೇ ತಾಳ ಕಣ್ರೀ. ಪಳಗಿದ ಕೈ!” ಎಂದು ನಕ್ಕರು. ಮುಂದಿನ ವಾರ ಅವರ ಹೆಂಡತಿ ಸೀತಮ್ಮ ಕಾಂಪೌಂಡಿನ ಮೇಲಿಂದ ಒಂದು ಜಮಖಾನ ನೀಡಿ, “ಹೇಗೂ ಒಗೀತಿದೀರಲ್ಲ, ಇದಕ್ಕೂ ಒಂದು ಕೈ ಹಾಕ್ಬಿಡಿ” ಎಂದರು. ನಾನು ಅಲ್ಲೇ ಇದ್ದೆ. “ನಮ್ಮಮ್ಮನಿಗೆ ಕೈ ನೋವು” ಎಂದು ಹಿಂದಕ್ಕೆ ಕೊಟ್ಟೆ. ಅಮ್ಮ ಒಳಗೆ ಬಂದು, “ನಂಗೆಲ್ಲೋ ಕೈ ನೋವು? ಇನ್ನೂ ಹತ್ತು ಜಮಖಾನ ಒಗೀತೀನಿ” ಎಂದು ನನ್ನ ಮೇಲೇ ಸಿಟ್ಟಾದಳು. ಆ ಕಲ್ಲಿನ ಸದ್ದು ನಿಲ್ಲಬೇಕು ಎಂದು ನಾನು ತೀರ್ಮಾನಿಸಿದ್ದು ಅವತ್ತೇ.

ದಂಡಿನ ಕಡೆ ಒಂದು ಬಂಗಲೆಯವರು ದೇಶ ಬಿಟ್ಟು ಹೋಗುತ್ತ ಸಾಮಾನುಗಳನ್ನು ಹರಾಜು ಹಾಕುತ್ತಿದ್ದರು. ಚಿಕ್ಕಂದಿನಲ್ಲಿ ಅಮ್ಮನ ಜೊತೆ ಗಂಟು ಹೊತ್ತು ನಾನು ಗೇಟಿನ ಹೊರಗೆ ಕಾದ ಬಂಗಲೆ ಅದು. ಈ ಸಲ ಮುಂಬಾಗಿಲಿನಿಂದ ಹೋದೆ, ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು. ಬಿಳಿ ಬಣ್ಣದ, ಮೇಲೆ ಮುಚ್ಚಳವಿದ್ದ ವಾಷಿಂಗ್ ಮಿಷನ್ನು ನನ್ನದಾಯಿತು. ಅಂಥದ್ದಕ್ಕೆ ಬೇರೆ ಯಾರೂ ಸವಾಲು ಕೂಗಲಿಲ್ಲ. ಕೈಗಾಡಿಯಲ್ಲಿ ಅದು ಮೆರವಣಿಗೆ ಬಂದಾಗ ಕ್ವಾರ್ಟರ್ಸೆಲ್ಲ ಹೊರಗೆ ನಿಂತು ನೋಡಿತು. ಅಮ್ಮ ಮಾತ್ರ ಬಾಗಿಲಲ್ಲೇ ಕಲ್ಲಾದಳು. “ಇದನ್ನ ಯಾಕೋ ತಂದೆ? ಇದು ಬಂದ್ಮೇಲೇ ಅಲ್ವೇನೋ ಆ ಬಂಗಲೆ ದೊರೆಸಾನಿ ನನ್ನ ಬರಬೇಡ ಅಂದಿದ್ದು!” ಅವಳ ಅನ್ನ ಕಸಿದದ್ದನ್ನೇ ಹುಡುಕಿ ಅವಳ ಮನೆಗೆ ತಂದಿದ್ದೆ. ಅವತ್ತಿನಿಂದ ಅಮ್ಮ ಅದನ್ನು ಸವತಿಯನ್ನು ನೋಡಿದ ಹಾಗೆ ನೋಡಿದಳು.

ಮಿಷನ್ನಿನ ಜೊತೆ ಇಂಗ್ಲಿಷಿನ ಒಂದು ಪುಸ್ತಿಕೆ ಬಂದಿತ್ತು. ಕೊನೆಯ ಪುಟಗಳಲ್ಲಿ ತೊಂದರೆಗಳು, ಪಕ್ಕದಲ್ಲಿ ಪರಿಹಾರಗಳು. ‘ಯಂತ್ರ ಓಡುತ್ತಿಲ್ಲವೇ? ಪ್ಲಗ್ ಹಾಕಿದೆಯೇ ನೋಡಿ.’ ಪದವೀಧರನಿಗೆ ಹೀಗೆ ಹೇಳುವುದೇ ಎಂದು ಕೋಪ ಬಂತು. ಪ್ಲಗ್ ಹಾಕಿರಲಿಲ್ಲ. ‘ನೀರು ತುಂಬುತ್ತಿಲ್ಲವೇ? ನಲ್ಲಿ ಪೂರ್ತಿ ತಿರುಗಿಸಿ.’ ನಮ್ಮ ನಲ್ಲಿ ಪೂರ್ತಿ ತಿರುಗಿಸಿದರೂ ಬರುತ್ತಿದ್ದದ್ದು ತೊಟ್ಟು ನೀರು, ಗಾಳಿಯೇ ಹೆಚ್ಚು. ಬಕೆಟ್ಟಿನಲ್ಲಿ ಹೊತ್ತು ಮೇಲಿಂದ ಸುರಿದೆ. ಹಿಂಡುವ ಸುತ್ತು ಶುರುವಾದಾಗ ಮಿಷನ್ನಿಗೆ ದೇವರು ಬಂದಂತಾಯಿತು. ಬಚ್ಚಲುಮನೆಯ ನೆಲ ಮೋರಿಯ ಕಡೆಗೆ ಇಳಿಜಾರು. ಅದು ಗಡಗಡ ನಡುಗುತ್ತ ಮೋರಿಯತ್ತ ನಡೆದೇಬಿಟ್ಟಿತು. ತಬ್ಬಿ ಹಿಡಿದೆ. ನಾನೂ ನಡುಗುತ್ತ ಅದರ ಜೊತೆ ನಡೆದೆ. ಬಟ್ಟೆಯೆಲ್ಲ ಒಂದೇ ಕಡೆ ಸೇರಿದರೆ ಹೀಗಾಗುತ್ತದೆ, ಹರಡಿ ಹಾಕಿ, ನಾಲ್ಕು ಕಾಲೂ ಮಟ್ಟವಾಗಿರಲಿ ಎಂದಿತು ಪುಸ್ತಿಕೆ. ಹರಡಿದೆ, ಕಾಲುಗಳ ಕೆಳಗೆ ಹಲಗೆ ಚೂರು ಸಿಕ್ಕಿಸಿದೆ. ಆಮೇಲೆ ನಡುವೆ ನಡುವೆ ತಿರುಗುವುದು ನಿಂತುಹೋಗುತ್ತಿತ್ತು. ವೈರು, ಫ್ಯೂಸು ಎಲ್ಲ ನೋಡಿದೆ. ಕಡೆಗೆ ತಿಳಿಯಿತು: ಮುಚ್ಚಳ ತೆಗೆದರೆ ಅದು ನಿಲ್ಲುತ್ತದೆ, ನಾನು ಬೆನ್ನು ತಿರುಗಿಸಿದಾಗಲೆಲ್ಲ ಅಮ್ಮ ಮುಚ್ಚಳ ತೆಗೆಯುತ್ತಿದ್ದಳು. “ಒಳಗಡೆ ಒಗೀತಿದ್ಯೋ, ಸುಮ್ನೆ ಸದ್ದು ಮಾಡ್ತಿದ್ಯೋ ಅಂತ ನೋಡ್ದೆ. ಆಳಿನ ಮೇಲೆ ಕಣ್ಣಿಡ್ಬೇಡ್ವಾ?”

ಇಷ್ಟಾದರೂ ಹಿತ್ತಲಿನ ‘ಧಪ್, ಹುಸ್ಸ್’ ನಿಲ್ಲಲಿಲ್ಲ. ಹೋಗಿ ನೋಡಿದರೆ ಅಮ್ಮ ಬಟ್ಟೆಗಳನ್ನೆಲ್ಲ ಕಲ್ಲಿಗೆ ಹಾಕಿ ಒಗೆದು, ಆಮೇಲೆ ಮಿಷನ್ನಿಗೆ ತರುತ್ತಿದ್ದಳು. “ಅಷ್ಟು ಬೆಳ್ಳಗಿರೋ ಮಿಷನ್ನಿಗೆ ಕೊಳೆ ಬಟ್ಟೆ ಹೆಂಗೋ ಹಾಕೋದು?” ಕೊನೆಗೆ ಬೇಡಿ, ಬೈದು, ಇದು ನನ್ನ ಮರ್ಯಾದೆಯ ಪ್ರಶ್ನೆ ಎಂದು ಕೈಮುಗಿದು, ಬಚ್ಚಲುಮನೆಗೆ ಅವಳು ಬಾರದ ಹಾಗೆ ಮಾಡಿದೆ. ಒಗೆಯುವುದು ನನ್ನ ಪಾಲಿಗೆ ಬಂತು. ಕಲ್ಲು ಒಣಗಿತು. ರಾಯರು ಕೂಡ, “ಏನ್ರೀ, ಸಂಗೀತವೇ ಇಲ್ಲ?” ಎಂದು ಕೇಳಿದರು. ಬದುಕಿನಲ್ಲಿ ನಾನು ಗೆದ್ದದ್ದು ಅದೊಂದೇ ವಾರ.

ಮುಂದಿನ ಭಾನುವಾರ ಸೀತಮ್ಮ ಒಂದು ಗಂಟು ಹಿಡಿದುಕೊಂಡು ಬಂದರು. “ಒಗೆಯೋದು ಮಿಷನ್ ತಾನೇ ಮುನಿರಾಜು, ನಿಮಗೇನು ಕಷ್ಟ? ಮನುಷ್ಯರ ಕೈ ಸೋಕೋದೂ ಇಲ್ಲ. ನಾವು ಮನೇಲಿ ಇನ್ನೊಂದ್ಸಲ ಜಾಲಿಸ್ಕೋತೀವಿ ಬಿಡಿ.” ಅಮ್ಮನಿಗೆ ಕೈ ನೋವು ಅನ್ನಬಹುದು, ಮಿಷನ್ನಿಗೆ ಅನ್ನುವಂತಿಲ್ಲ. ಹಿಂದೆ ರಾಯರು ನಿಂತು ಆಕಾಶ ನೋಡುತ್ತಿದ್ದರು. ನನ್ನ ರಜೆಯ ಅರ್ಜಿ ಅವರ ಮೇಜಿನ ಮೇಲಿತ್ತು. ತೆಗೆದುಕೊಂಡೆ. ಅವರದ್ದನ್ನು ನೋಡಿ ಆಚೆ ಮನೆಯವರು, ಅವರನ್ನು ನೋಡಿ ಎದುರು ಸಾಲಿನವರು. ಯಾವ ಬಟ್ಟೆ ಯಾರದ್ದೆಂದು ಕಲೆಸಿಹೋಗದಿರಲು ನಾನು ಒಂದೊಂದರ ಮೂಲೆಯಲ್ಲೂ ಬಣ್ಣದ ದಾರದ ಗುರುತು ಹಾಕತೊಡಗಿದೆ. ಅದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಬೆರಳಿಗೆ ಅದು ಮೊದಲೇ ಗೊತ್ತಿತ್ತು.

ಒಂದು ದಿನ ಕೊಳೆ ನೀರು ಹೊರಗೆ ಹೋಗದೆ ನಿಂತಿತು. ಕೊಳವೆ ಬಾಗಿದೆಯೇ ನೋಡಿ, ಪಂಪಿನಲ್ಲಿ ಏನಾದರೂ ಸಿಕ್ಕಿದೆಯೇ ನೋಡಿ ಎಂದಿತು ಪುಸ್ತಿಕೆ. ಮಂಡಿಯೂರಿ, ಊರವರ ಕೊಳೆಯಲ್ಲಿ ಮೊಣಕೈವರೆಗೂ ಕೈ ಇಳಿಬಿಟ್ಟು ತಡಕಿದೆ. ಕಾಫಿ ಬಣ್ಣದ ಒಂದು ಗುಂಡಿ ಸಿಕ್ಕಿತು. ಬಚ್ಚಲುಮನೆಯ ಕಿಟಕಿಯಲ್ಲಿಟ್ಟೆ.

ಯುಗಾದಿಯ ಮಾರನೆ ದಿನ ಸೀತಮ್ಮ ತಟ್ಟೆ ಹಿಡಿದು ಬಂದರು: ಹೋಳಿಗೆ, ಅದರ ಪಕ್ಕ ಮಡಿಸಿದ, ಕಾಫಿ ಬಣ್ಣದ ಗುಂಡಿಗಳ, ರಾಯರ ಹಳೆಯ ಬುಷ್‌ಶರ್ಟು. ಹಬ್ಬಕ್ಕೆ ಒಗೆಯುವವರಿಗೆ ಹೀಗೆ ಕೊಡುವುದು ಹಿಂದಿನಿಂದ ಬಂದದ್ದು. ಅಮ್ಮ ಎಷ್ಟೋ ಬಂಗಲೆ, ಎಷ್ಟೋ ಮನೆಗಳಲ್ಲಿ ತೆಗೆದುಕೊಂಡಿದ್ದಾಳೆ. ಅಭ್ಯಾಸಬಲದಿಂದ ಎದ್ದು ಸೆರಗೊಡ್ಡಿದಳು. ಸೀತಮ್ಮ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

“ಅಯ್ಯೋ, ನಿಮಗಲ್ಲಮ್ಮ, ನಿಮ್ಮ ಮಗನಿಗೆ. ಈಗ ಒಗೆಯೋರು ಅವರಲ್ವಾ?”

ಅವರು ಹೋದ ಮೇಲೆ ಅಮ್ಮ ಶರ್ಟು ಬಿಡಿಸಿ ಬೆಳಕಿಗೆ ಹಿಡಿದಳು. ನಾನು ಅವಳ ಮುಖ ನೋಡಲಾರದೆ ಹೋಳಿಗೆ ನೋಡುತ್ತಿದ್ದೆ.

“ಇದು ನೀನು ಒಗೆದಿದ್ದೇನೋ?”

“ಹೂಂ.”

“ಕಾಲರ್ ಕೊಳೆ ಹಂಗೇ ಇದ್ಯಲ್ಲೋ! ನಮ್ಮನೆಯಿಂದ ಇಂಥ ಬಟ್ಟೆ ಯಾವತ್ತೂ ಆಚೆ ಹೋಗಿಲ್ಲ. ಮರ್ಯಾದೆ, ಮರ್ಯಾದೆ ಅಂತೀಯ. ಇದೇನಾ ನಿನ್ನ ಮರ್ಯಾದೆ? ಒಂದು ಗುಂಡಿ ಬೇರೆ ಕಿತ್ತೋಗಿದೆ. ಎಲ್ಲಿ ಕಳೆದೆ?”

ಉತ್ತರಕ್ಕೂ ಕಾಯದೆ ಶರ್ಟು ಹಿಡಿದು ಹಿತ್ತಲಿಗೆ ನಡೆದಳು. ಸ್ವಲ್ಪ ಹೊತ್ತಿಗೆ ‘ಧಪ್, ಹುಸ್ಸ್’ ಶುರುವಾಯಿತು, ಮೊದಲಿಗಿಂತ ಜೋರಾಗಿ. ಪಕ್ಕದ ಮನೆಯಲ್ಲಿ ರಾಯರು ತಲೆದೂಗುತ್ತಿದ್ದಿರಬೇಕು. ನಾನು ಎದ್ದು, ಅವರ ಗುಂಡಿ ತರಲು ಬಚ್ಚಲುಮನೆಗೆ ಹೋದೆ.