ಬೆಳ್ಳಿಗೆ ಅರ್ಧ ಕ್ಷೌರ

ಚನ್ನಪಟ್ಟಣದಲ್ಲಿ ಇಪ್ಪತ್ತು ವರ್ಷದಿಂದ ಮರದ ಬೊಂಬೆ ಕಡೆಯುತ್ತಿರುವವನು ನಾನು. ದಿನಾ ಬೆಳಿಗ್ಗೆ ಉಳಿ ಮಸೆದೇ ನನ್ನ ಕೆಲಸ ಶುರು. ಅಂಥವನಿಗೆ ನಾಯಿಯ ಕೂದಲು ಕತ್ತರಿಸುವ ಎರಡು ಬೆರಳಗಲದ ಬ್ಲೇಡು ಒಂದು ಸವಾಲೇ? ಅಲ್ಲವೇ ಅಲ್ಲ ಎಂದು ಆ ಭಾನುವಾರ ಬೆಳಿಗ್ಗೆ ಮನಃಪೂರ್ವಕವಾಗಿ ನಂಬಿದ್ದೆ.

ನಾಯಿ ನಮ್ಮದಲ್ಲ. ನನ್ನ ಹೆಂಡತಿ ಲಲಿತಾಳ ಅಣ್ಣ, ಗುಡೇಮಾರನಹಳ್ಳಿಯ ನಮ್ಮ ಭಾವ, ಯಾತ್ರೆಗೆ ಹೋಗುವಾಗ ತಮ್ಮ ಮುದ್ದಿನ ಜೂಲುನಾಯಿ ಬೆಳ್ಳಿಯನ್ನು ನಮ್ಮಲ್ಲಿ ಬಿಟ್ಟಿದ್ದರು. ಅವತ್ತು ಸಂಜೆ ನಾಲ್ಕಕ್ಕೆ ಕರೆದೊಯ್ಯಲು ಬರುವವರಿದ್ದರು. ಹದಿನೈದು ದಿನ ಮರದ ಪುಡಿಯಲ್ಲಿ ಹೊರಳಾಡಿ ಬೆಳ್ಳಿಯ ಬಿಳಿ ಕೂದಲು ಗಂಟುಗಂಟಾಗಿತ್ತು. ಭಾವನ ಮೆಚ್ಚುಗೆ ಗಳಿಸುವ ಘನ ಉದ್ದೇಶದಿಂದ ಹಿಂದಿನ ದಿನವೇ ನಾನೊಂದು ಕ್ಲಿಪ್ಪರ್, ಅಂದರೆ ಕೂದಲು ಕತ್ತರಿಸುವ ಮಿಷಿನ್ ತಂದಿದ್ದೆ.

“ಮೊದ್ಲು ಗಂಟು ಬಿಡ್ಸಿ, ಸ್ನಾನ ಮಾಡ್ಸಿ, ಒಣಗಿಸ್ಬೇಕಂತೆ ಕಣ್ರೀ,” ಎಂದು ಲಲಿತಾ ಡಬ್ಬಿಯೊಳಗಿನ ಚೀಟಿ ಓದಿದಳು.

“ನಂಗೇ ಹೇಳ್ಕೊಡ್ತೀಯ? ಕೂದ್ಲು ಹೋದ್ಮೇಲೆ ಸ್ನಾನ ಸಲೀಸು!”

ಬಲಗಡೆ ಸುಮಾರಾಗಿ ಸಾಗಿತು. ಎಡಗಡೆಗೆ ತಿರುಗುವಷ್ಟರಲ್ಲಿ ಮಿಷಿನ್ ‘ಕರ್ರ್’ ಎಂದಿತು. ಬ್ಲೇಡು ಕೂದಲನ್ನು ಕತ್ತರಿಸುವ ಬದಲು ಹಿಡಿದು ಎಳೆಯಿತು. ಬೆಳ್ಳಿ ಕುಂಯ್ ಎಂದಿತು. ಮುಟ್ಟಿ ನೋಡಿದರೆ ಬ್ಲೇಡು ಕಾದ ದೋಸೆ ಹೆಂಚು!

“ಎಣ್ಣೆ ಬಿಡ್ಬೇಕಂತೆ. ಅದ್ರ ಜೊತೇಲೆ ಒಂದು ಬಾಟ್ಲಿ ಬಂದಿತ್ತಲ್ಲ?” ಎಂದಳು ಲಲಿತಾ.

ಬಂದಿತ್ತು. ತಂದ ದಿನವೇ ಅದನ್ನು ಕಿರ್‌ಗುಟ್ಟುತ್ತಿದ್ದ ಗೇಟಿನ ಕೀಲಿಗೆ ಸುರಿದು ಮುಗಿಸಿದ್ದೆ. ಧೃತಿಗೆಡದೆ ಕೊಬ್ಬರಿ ಎಣ್ಣೆ ಬಿಟ್ಟೆ. ಎಣ್ಣೆ, ಕೂದಲು, ಮರದ ಪುಡಿ ಮೂರೂ ಕಲೆತು ಬ್ಲೇಡಿನ ಹಲ್ಲುಗಳ ನಡುವೆ ಉಂಡೆ ಕಟ್ಟಿದವು. ಬಿಚ್ಚಿ ನಲ್ಲಿಯಲ್ಲಿ ತೊಳೆದೆ. ಮೊಂಡಾಗಿರಬೇಕೆಂದು ತೀರ್ಮಾನಿಸಿ, ಎರಡೂ ಬ್ಲೇಡುಗಳನ್ನು ಸಾಣೆಕಲ್ಲಿನ ಮೇಲೆ ಓರೆಯಾಗಿ ಹಿಡಿದು ಶಾಸ್ತ್ರೋಕ್ತವಾಗಿ ಮಸೆದೆ. ಹಲ್ಲುಗಳು ಫಳಫಳ ಹೊಳೆದವು. ಜೋಡಿಸುವಾಗ ಸ್ಪ್ರಿಂಗು ಹಾರಿ ತುಳಸಿಕಟ್ಟೆ ದಾಟಿ ಹೋಯಿತು. ಅದನ್ನು ಹುಡುಕುವುದರಲ್ಲೇ ಎರಡು ಗಂಟೆ. ಎಲ್ಲ ಜೋಡಿಸಿದ ಮೇಲೆ ಒಂದು ಸ್ಕ್ರೂ ಕೈಯಲ್ಲೇ ಉಳಿಯಿತು. ಕಂಪನಿಯವರು ಜಾಸ್ತಿ ಕೊಟ್ಟಿರಬೇಕು!

ಸ್ವಿಚ್ ಒತ್ತಿದೆ. ಮಿಷಿನ್ ಗುಂಯ್‌ಗುಟ್ಟಿತು, ಆದರೆ ಒಂದೇ ಒಂದು ಕೂದಲೂ ಕತ್ತರಿಸಲಿಲ್ಲ. ಬೆಳ್ಳಿಗೆ ಅಷ್ಟು ಸಾಕಾಯಿತು. ಕೈ ಕೊಸರಿಕೊಂಡು ಗೇಟು ನೂಕಿ ಓಡಿತು. ನಾನು ಹಾಕಿದ ಎಣ್ಣೆಯ ಮಹಿಮೆ, ಗೇಟು ಕಿರ್ ಅನ್ನಲೂ ಇಲ್ಲ!

ನಾಯಿಯ ಹಿಂದೆ ನಾನು, ನನ್ನ ಹಿಂದೆ ಮಿಷಿನ್ ಹಿಡಿದ ಲಲಿತಾ. ಬೀದಿಯ ಬಲಗಡೆ ನಿಂತವರು “ಪಾಪ, ಬಡಕಲು ನಾಯಿ” ಎಂದರು. ಎಡಗಡೆ ನಿಂತವರು “ಯಾರ್ದಪ್ಪಾ ಈ ಕುರಿ?” ಎಂದರು. ಭಾವನಿಗೆ ಏನು ಹೇಳಲಿ ಎಂದು ಯೋಚಿಸುತ್ತಲೇ ಓಡಿದೆ. ಬೆಳ್ಳಿ ನೇರ ಹೋಗಿ ನುಗ್ಗಿದ್ದು ರಫೀಕನ ಕಟಿಂಗ್ ಶಾಪಿಗೆ!

ರಫೀಕ್ ಅದನ್ನು ಎತ್ತಿ ಬೆಂಚಿನ ಮೇಲೆ ಕೂರಿಸಿ, ಲಲಿತಾಳ ಕೈಯಿಂದ ಮಿಷಿನ್ ಇಸಿದುಕೊಂಡು ನೋಡಿದ.

“ಯಾರಣ್ಣ ಇದ್ನ ಮಸ್ದಿದ್ದು?”

“ನಾನೇ. ಯಾಕೆ?”

“ಈ ಎರ್ಡು ಬ್ಲೇಡು ಒಂದ್ರ ಮೇಲೊಂದು ಚಪ್ಪಟೆಯಾಗಿ ಕುಂತ್ರೇ ಕಟ್ ಆಗೋದು. ನೀವು ಉಳಿ ತರ ಮಸ್ದು ಮಧ್ಯ ಸಂದು ಮಾಡ್ಬುಟ್ಟಿದ್ದೀರ. ಬ್ರಶ್ಶಲ್ಲಿ ಕೂದ್ಲು ಉದುರ್ಸಿ, ಒಸಿ ಮಿಷಿನ್ ಎಣ್ಣೆ ಬುಟ್ಟಿದ್ರೆ ಸಾಕಾಗಿತ್ತು.”

ಲಲಿತಾ ನನ್ನನ್ನು ನೋಡಿದಳು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ.

ರಫೀಕ್ ಕತ್ತರಿಯಿಂದ ಎಡಗಡೆಯನ್ನು ಸರಿ ಮಾಡಿ ಮುಗಿಸುವಷ್ಟರಲ್ಲಿ ನಾಲ್ಕು ಗಂಟೆಯಾಗಿ, ನಮ್ಮನ್ನು ಹುಡುಕಿಕೊಂಡು ಭಾವ ಅಲ್ಲಿಗೇ ಬಂದರು. ಬೆಳ್ಳಿ ಹಾರಿ ಅವರ ತೋಳು ಸೇರಿತು. ಭಾವ ಮೊದಲು ರಫೀಕ್ ಕತ್ತರಿಸಿದ ಕಡೆ, ಆಮೇಲೆ ನಾನು ಕತ್ತರಿಸಿದ ಕಡೆ ತಿರುಗಿಸಿ ನೋಡಿದರು.

“ಈ ಕಡೆ ಚೆಂದಾಗೈತೆ. ಆ ಕಡೆ ಏನಾಯ್ತು, ಇಲಿ ಕಡೀತಾ?”

“ಇಲಿ ಅಲ್ಲ ಕಣಣ್ಣ, ನಮ್ಮನೆಯವ್ರು!” ಎಂದಳು ಲಲಿತಾ.

ಎಲ್ಲರೂ ನಕ್ಕರು. ರಫೀಕ್ ಖಾಲಿ ಕುರ್ಚಿಯ ಧೂಳು ಹೊಡೆದು, “ನಿಮ್ದೂ ಬೆಳ್ದೈತೆ, ಕುಂತ್ಕಳಿ ಅಣ್ಣ,” ಎಂದ. ಇಲ್ಲ ಎನ್ನುವ ಮುಖ ನನಗೆಲ್ಲಿತ್ತು? ಕೂತೆ. ಕಿವಿಯ ಹತ್ತಿರ ಅವನ ಮಿಷಿನ್ ಗುಂಯ್‌ಗುಟ್ಟಿತು. ನಾನು ತಲೆ ಪಕ್ಕಕ್ಕೆ ಸರಿಸಿದೆ.

“ರಫೀಕ್, ಬ್ಲೇಡಿಗೆ ಎಣ್ಣೆ ಬಿಟ್ಟಿದ್ದೀಯ ತಾನೆ?”

ಬೆಳಿಗ್ಗೆಯಿಂದ ನನ್ನ ಕೈಯಲ್ಲಿ ಒಂದು ನಿಮಿಷವೂ ನಿಲ್ಲದ ಬೆಳ್ಳಿ, ಬೆಂಚಿನ ಮೇಲೆ ಕೂತ ಭಾವನ ತೊಡೆಯ ಮೇಲೆ ಅಲುಗಾಡದೆ ಕೂತು ನನ್ನ ಕ್ಷೌರವನ್ನು ಪೂರ್ತಿ ನೋಡಿತು!