ಪತ್ರ ಬರೆಯುವ ನಂದೀಶ್ವರಯ್ಯನವರ ಉಯಿಲು

ಲಕೋಟೆಯ ಮೇಲೆ ‘ನನ್ನ ಉಯಿಲು’ ಎಂದು ಅಪ್ಪನ ದುಂಡು ಅಕ್ಷರದಲ್ಲಿ ಬರೆದಿತ್ತು. ಒಳಗೆ ಏನೂ ಇರಲಿಲ್ಲ.

ನಾಗಲಿಂಗಯ್ಯ ಅದನ್ನು ತಲೆಕೆಳಗು ಮಾಡಿ ಕೊಡವಿದ, ಬಾಯಿಂದ ಊದಿದ, ಕಿಟಕಿಯ ಬೆಳಕಿಗೆ ಹಿಡಿದ. ಟ್ರಂಕಿನ ತಳದಲ್ಲಿದ್ದ ಹಳೆಯ ಪಂಚಾಂಗಗಳನ್ನೂ ಹಾಳೆಹಾಳೆಯಾಗಿ ಬಿಡಿಸಿ ನೋಡಿದ. ಅಪ್ಪ ತೀರಿಕೊಂಡು ಅಂದಿಗೆ ಹತ್ತು ದಿನ, ಮಾರನೆಯ ದಿನ ಶಿವಗಣಾರಾಧನೆ. ಉಯಿಲು ಇಲ್ಲದಿದ್ದರೆ ಅಪ್ಪ ಸ್ವಂತ ದುಡಿದು ಕಟ್ಟಿದ ಈ ಮನೆ ಮಗನಿಗೂ ಮಗಳಿಗೂ ಸಮಪಾಲು ಎಂದು ವಕೀಲರು ಹೇಳಿದ್ದರು. ಆರಾಧನೆಗೆ ಪಾವಗಡದಿಂದ ಭಾವ ಪರ್ವತಯ್ಯ ಬರುವವನಿದ್ದ. ಅಂಗಡಿ ಇಟ್ಟ ಮನುಷ್ಯ, ಪಾಲಿನ ಮಾತೆತ್ತದೆ ಎಲೆಯಿಂದ ಏಳುವವನಲ್ಲ.

ಅಪ್ಪ ನಂದೀಶ್ವರಯ್ಯನವರು ನಲವತ್ತು ವರ್ಷ ಮಧುಗಿರಿಯ ಸಬ್‌ರಿಜಿಸ್ಟ್ರಾರ್ ಕಚೇರಿಯ ಮುಂದಿನ ಹೊಂಗೆಮರದ ಕೆಳಗೆ ಕೂತು ಜನರ ಪತ್ರ ಬರೆದವರು. ಉಯಿಲು ಎಂದರೆ ಕೊರಟಗೆರೆ, ಶಿರಾ ಕಡೆಯವರೂ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಅವರ ಒಕ್ಕಣೆ ಅಷ್ಟು ವರ್ಷದಲ್ಲಿ ಒಂದಕ್ಷರ ಬದಲಾಗಲಿಲ್ಲ. ಹೆಸರು, ಆಸ್ತಿಯ ಚೆಕ್ಕುಬಂದಿ ಮಾತ್ರ ಬದಲಾಗುತ್ತಿದ್ದವು. ಬೇಸಿಗೆ ರಜೆಯಲ್ಲಿ ಅಕ್ಕ ಶಿವರುದ್ರಮ್ಮ ಅಪ್ಪನ ಪಕ್ಕ ಕೂತು ದೌತಿಗೆ ಮಸಿ ತುಂಬುತ್ತಿದ್ದಳು, ಒಣಗದ ಸಾಲಿಗೆ ಒತ್ತುಕಾಗದ ಇಡುತ್ತಿದ್ದಳು. ನಾಗಲಿಂಗ ಮರದ ಆಚೆ ಬದಿಯಲ್ಲಿ ಹೊಂಗೆ ಎಲೆಯ ಪೀಪಿ ಊದುತ್ತಿದ್ದ. ಆದರೂ ಒಕ್ಕಣೆ ಅವನಿಗೂ ಬಾಯಿಪಾಠವಾಗಿತ್ತು. ‘ನನ್ನ ಏಕಮಾತ್ರ ಪುತ್ರನಾದ’ ಎಂದು ಬಂತೆಂದರೆ ಹಿಂದೆಯೇ ‘ಮುಪ್ಪಿನಲ್ಲಿ ನನ್ನ ಯೋಗಕ್ಷೇಮ ನೋಡಿಕೊಂಡಿರುವುದರಿಂದ’ ಬರುತ್ತಿತ್ತು. ಅದರ ಹಿಂದೆ ಮನೆ.

ಬರಿದಾದ ಲಕೋಟೆಯ ಸುದ್ದಿ ಮೊದಲು ಮುಟ್ಟಿದ್ದು ಪಕ್ಕದ ಮನೆಯ ಸರಸಮ್ಮನಿಗೆ. ಗೋಡೆಯ ಮೇಲಿಂದ ತಲೆ ಹಾಕಿ, “ನಿಮ್ಮಪ್ಪನ್ನ ಕೂರಿಸಿದ್ದ ದಿನ ಕೋಟಿನ ಜೇಬಿಂದ ಒಂದು ಕಾಗದ ಇಣುಕ್ತಿತ್ತು ಕಣಯ್ಯ. ನಾನು ಕಣ್ಣಾರೆ ಕಂಡೆ,” ಎಂದಳು.

ನಾಗಲಿಂಗಯ್ಯ ಬರಿ ಲಕೋಟೆಯನ್ನು ಮಡಿಸಿ ತನ್ನ ಜೇಬಿಗಿಟ್ಟ. ಅಪ್ಪನನ್ನು ಪದ್ಧತಿಯಂತೆ ಕೂರಿಸಿಯೇ ಸಮಾಧಿ ಮಾಡಿದ್ದರು. ಕಚೇರಿಗೆ ಹೊರಟವರ ಹಾಗೆ ಕಾಣಲಿ ಎಂದು ಕರಿಕೋಟು, ಪೇಟ ತೊಡಿಸಿದ್ದು ಇವನದೇ ಆಸೆ. ಜೇಬು ನೋಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಉಯಿಲು ಈಗ ವಿಭೂತಿಗಟ್ಟಿಗಳ ನಡುವೆ ಆರಡಿ ಆಳದಲ್ಲಿ ಅಪ್ಪನ ಎದೆಗೆ ಒತ್ತಿಕೊಂಡು ಕೂತಿತ್ತು.

ಅಕ್ಕನಿಗೆ ಹೇಳಿದ. ಅವಳು ಆರಾಧನೆಯ ಅಕ್ಕಿ ಆರಿಸುತ್ತಿದ್ದಳು. “ಹೋಗ್ಲಿ ಬಿಡೋ. ಹೋದ ಕಾಗದ ಹೋಯ್ತು,” ಎಂದು ಮೊರ ಕೊಡವಿದಳು.

ಅರ್ಧ ಮನೆ ಕೂತಲ್ಲೇ ಸಿಗುವಾಗ ಯಾರು ತಾನೇ ಬೇರೆ ಮಾತಾಡುತ್ತಾರೆ ಎಂದುಕೊಂಡು ನಾಗಲಿಂಗಯ್ಯ ಚಪ್ಪಲಿ ಮೆಟ್ಟಿದ.

ಅಷ್ಟರಲ್ಲಿ ಬೀದಿಯೇ ಸಲಹೆಗೆ ನಿಂತಿತ್ತು. ಸಮಾಧಿ ತೆಗೆದರೆ ಸಂಸ್ಕಾರ ಮೊದಲಿಂದ ಆಗಬೇಕು ಎಂದರು ಒಬ್ಬರು. ಪೂರ್ತಿ ತೆಗೆಯುವುದೇಕೆ, ಜೇಬಿನ ಮಟ್ಟಕ್ಕೆ ಪಕ್ಕದಿಂದ ಒಂದು ಕಿಂಡಿ ಕೊರೆದರೆ ಸಾಕು ಎಂದರು ಇನ್ನೊಬ್ಬರು. ಎಡಗಡೆಯ ಜೇಬೋ ಬಲಗಡೆಯದೋ ಎಂಬುದರ ಮೇಲೆ ಸರಸಮ್ಮನಿಗೂ ಎದುರುಮನೆಯವರಿಗೂ ಜಗಳವೇ ಆಯಿತು.

ತಾಲ್ಲೂಕು ಕಚೇರಿಯ ಗುಮಾಸ್ತ ಅರ್ಜಿಯನ್ನು ಎರಡು ಸಲ ಓದಿದ. ಕೊಲೆಯ ಅನುಮಾನವಿದ್ದರೆ ಹೆಣ ತೆಗೆಸಬಹುದು, ಕೋಟಿನ ಅನುಮಾನಕ್ಕೆ ಕಾನೂನಿಲ್ಲ ಎಂದು ತಣ್ಣಗೆ ಹೇಳಿ ಹಿಂದಕ್ಕೆ ಕೊಟ್ಟ. ನಾಗಲಿಂಗಯ್ಯ ಬಿಸಿಲಿನಲ್ಲಿ ಹೊರಗೆ ಬಂದು ಅಪ್ಪನ ಹೊಂಗೆಮರದ ಕೆಳಗೆ, ಅಪ್ಪ ಕೂರುತ್ತಿದ್ದ ಕಲ್ಲಿನ ಮೇಲೆಯೇ ಕೂತ. ಕಲ್ಲಿನ ಅಂಚಿನಲ್ಲಿ ಲೇಖನಿ ಒರೆಸಿದ ನೀಲಿ ಗೆರೆಗಳು ಇನ್ನೂ ಇದ್ದವು. ನಲವತ್ತು ವರ್ಷದ ಗೆರೆಗಳು. ಕಣ್ಣು ತುಂಬಿತು.

ಅಲ್ಲಿ ಅವನನ್ನು ಕಂಡವನು ರಿಜಿಸ್ಟ್ರಾರ್ ಕಚೇರಿಯ ಜವಾನ ದೊಡ್ಡರಂಗಯ್ಯ. ಕತೆಯೆಲ್ಲ ಕೇಳಿ ನಕ್ಕುಬಿಟ್ಟ. “ಅಯ್ಯೋ ಬುಡಿ ಸ್ವಾಮಿ, ಅದುಕ್ಯಾಕೆ ಗುಂಡಿ ತೋಡ್ತೀರಿ? ನಿಮ್ಮಪ್ಪಾರು ರಿಜಿಸ್ಟ್ರು ಮಾಡ್ಸವ್ರೆ. ನಾನೇ ಒಬ್ಬ ಸಾಕ್ಷಿ. ಹೆಬ್ಬೆಟ್ಟು ಒತ್ತಿವ್ನಿ.”

“ಏನು ಬರೆದಿದ್ರು?”

“ಓದಕ್ ಬಂದಿದ್ರೆ ಹೆಬ್ಬೆಟ್ ಯಾಕ್ ಒತ್ತುತಿದ್ದೆ?”

ನೋಂದಾಯಿಸಿದ ಉಯಿಲು ಕಚೇರಿಯ ಪುಸ್ತಕದಲ್ಲಿ ನಕಲಾಗಿರುತ್ತದೆ. ಬರೆಸಿದವರು ಬದುಕಿರುವತನಕ ಬೇರೆ ಯಾರಿಗೂ ತೋರಿಸುವುದಿಲ್ಲ, ಸತ್ತ ಮೇಲೆ ಮರಣಪತ್ರ ತಂದವರಿಗೆ ಪ್ರತಿ ಕೊಡುತ್ತಾರೆ. ನಾಗಲಿಂಗಯ್ಯ ಪುರಸಭೆಗೆ ಓಡಿ ಮರಣಪತ್ರ ತಂದ. ಅದರಲ್ಲಿ ಅಪ್ಪನ ವಯಸ್ಸು ಏಳು ಎಂದಿತ್ತು. ಮತ್ತೆ ಓಡಿ, ಬಿಟ್ಟುಹೋದ ಸೊನ್ನೆ ಹಾಕಿಸಿಕೊಂಡು ಬಂದ. ಹಳೆಯ ಋಣಕ್ಕೆ ಕಚೇರಿಯವರು ಊಟ ಬಿಟ್ಟು ಕೈಬರಹದಲ್ಲಿ ಪ್ರತಿ ಎತ್ತಿ, ಮೊಹರು ಒತ್ತಿ, ಐದು ಗಂಟೆಗೆ ಕೈಗಿಟ್ಟರು.

ಅವನು ಮೆಟ್ಟಿಲ ಮೇಲೆಯೇ ನಿಂತು ಮೊದಲ ಪುಟ ಓದಿದ. ‘ಸ್ವಸ್ಥಚಿತ್ತದಿಂದ, ಯಾರ ಬಲಾತ್ಕಾರವೂ ಇಲ್ಲದೆ’. ಅಪ್ಪನ ದನಿಯೇ ಕೇಳಿದಂತಾಯಿತು. ಪುಟದ ಕೊನೆಯ ಸಾಲು: ‘ನನ್ನ ಏಕಮಾತ್ರ ಪುತ್ರನಾದ ನಾಗಲಿಂಗಯ್ಯನು’. ಮುಂದಿನದು ಗೊತ್ತೇ ಇತ್ತು. ಮಡಿಸಿಬಿಟ್ಟ.

ಮನೆಗೆ ಬಂದವನೇ ಬೀದಿಯವರನ್ನೆಲ್ಲ ಜಗಲಿಗೆ ಕರೆದ. ಅಕ್ಕನ ಮುಖ ಬಿಳುಚಿತು. “ಮೊದ್ಲು ನೀನೊಬ್ನೇ ಓದ್ಕೊಳೋ,” ಎಂದಳು. ಅವನು ಕೇಳಲಿಲ್ಲ. “ನಾಳೆ ಕಾರ್ಯ ಆಗ್ಲಿ, ನಿಮ್ ಭಾವ ಊರಿಗೆ ಹೋದ್ಮೇಲೆ ಓದು,” ಎಂದು ಕೈ ಹಿಡಿದಳು. ಭಾವನ ಎದುರಿಗೇ ಓದಬೇಕೆಂದು ಅವನು ಪಾವಗಡದ ಬಸ್ಸು ಬರುವತನಕ ಬೀದಿಯವರಿಗೆಲ್ಲ ಕಾಫಿ ಕುಡಿಸಿ ಕೂರಿಸಿಕೊಂಡ.

ಪರ್ವತಯ್ಯ ಬಂದು ಕಾಲು ತೊಳೆದು ಚಾಪೆಯ ಮೇಲೆ ಕೂತ. ನಾಗಲಿಂಗಯ್ಯ ಎದ್ದು ನಿಂತು, ಶಾಲೆಯ ವಾರ್ಷಿಕೋತ್ಸವದಲ್ಲಿ ವರದಿ ಓದುವವನ ಹಾಗೆ ಗಂಟಲು ಸರಿಮಾಡಿಕೊಂಡು ಓದಿದ. ಕೊನೆಯ ಸಾಲನ್ನು ಮತ್ತೊಮ್ಮೆ ಹೇಳುತ್ತ ಪುಟ ತಿರುಗಿಸಿದ.

“ನನ್ನ ಏಕಮಾತ್ರ ಪುತ್ರನಾದ ನಾಗಲಿಂಗಯ್ಯನು ಒಳ್ಳೆಯವನಾದರೂ, ಯಾವ ಕಾಗದವನ್ನೂ ಪೂರ್ತಿ ಓದುವ ತಾಳ್ಮೆಯಿಲ್ಲದವನಾದ್ದರಿಂದ, ಯಾರಾದರೂ ಇವನಿಂದ ರುಜು ಹಾಕಿಸಿಕೊಂಡು ಮನೆ ಕಸಿದುಕೊಳ್ಳುವ ಭಯವಿರುವುದರಿಂದ, ಸದರಿ ಮನೆಯನ್ನು ಪೂರ್ತಿಯಾಗಿ ನನ್ನ ಮಗಳಾದ ಶಿವರುದ್ರಮ್ಮನಿಗೆ...”

ದನಿ ಅಲ್ಲಿಗೇ ನಿಂತಿತು. ಉಳಿದದ್ದನ್ನು ಪರ್ವತಯ್ಯ ಅವನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು, ಮೊಹರಿನವರೆಗೆ ತಾನೇ ಓದಿದ.

ನಾಗಲಿಂಗಯ್ಯ ಒಳಗೆ ಹೋದ. ಅಡುಗೆಮನೆಯಲ್ಲಿ ಅಕ್ಕ ಹಣೆಗೆ ಕೈ ಹಚ್ಚಿ ಕೂತಿದ್ದಳು. “ಅಪ್ಪ ಮೊನ್ನೆ ಸಂಕ್ರಾಂತೀಲಿ ತೋರ್ಸಿದ್ರು. ಬೇಡ ಅಂದೆ, ಕೇಳ್ಲಿಲ್ಲ. ಅವರ ಕೋಟಿನ ಜೇಬಿಗೆ ಅದನ್ನ ಇಟ್ಟವಳು ನಾನೇ ಕಣೋ. ಮಣ್ಣಾಗ್ಲಿ, ಅರ್ಧವಾದ್ರೂ ನಿನ್ಗೆ ಬರುತ್ತೆ ಅಂತ. ನನ್ನ ಅರ್ಧದಲ್ಲೂ ನೀನೇ ಇರ್ತಿದ್ದೆ, ನಿಮ್ ಭಾವಂಗೆ ಏನೋ ಒಂದು ಹೇಳ್ಕೊಂಡು. ಈಗ ಮೊಹರು ಒತ್ತಿದ್ದನ್ನ ಓದಿ ಕೂತವ್ರೆ. ಏನಂತ ಹೇಳ್ಲಿ?”

ಅಷ್ಟರಲ್ಲಿ ನಾಗಲಿಂಗಯ್ಯನನ್ನು ಜಗಲಿಯಿಂದ ಕೂಗಿದರು. ಹೋದ.

ಪರ್ವತಯ್ಯ ಎದ್ದು ಬಂದು ಅವನನ್ನು ಎಲ್ಲರೆದುರು ತಬ್ಬಿಕೊಂಡ. “ಏಮಪ್ಪಾ ನಾಗಲಿಂಗಾ, ಅಕ್ಕನ ಪಾಲಿಗೋಸ್ಕರ ಕಚೇರಿ ಕಚೇರಿ ಅಲೆದ್ಯಂತೆ. ಈ ಕಾಲದಲ್ಲಿ ಯಾರು ಮಾಡ್ತಾರೆ?” ಎಂದು, ಬೀದಿಗೆ ಮುಖಮಾಡಿದ ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿದ. ಅಂಗಡಿಗೆ ಬಾಗಿಲು ತೆಗೆಯಲು ಅದೇ ಸರಿಯಾದ ಜಾಗವಂತೆ.

ಸರಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಹುಟ್ಟಿದರೆ ಇಂಥ ತಮ್ಮ ಹುಟ್ಟಬೇಕು ಎಂದಳು. ನಾಳೆ ಆರಾಧನೆಯ ಪಂಕ್ತಿಯಲ್ಲಿ ಅವನಿಗೊಂದು ಶಾಲು ಹೊದಿಸಬೇಕೆಂದು ಬೀದಿಯವರು ಅಲ್ಲೇ ತೀರ್ಮಾನಿಸಿದರು. ನಾಗಲಿಂಗಯ್ಯ ಎಲ್ಲರಿಗೂ ಕೈ ಮುಗಿದು, ಅಷ್ಟೇನೂ ದೊಡ್ಡ ಕೆಲಸವಲ್ಲ ಎಂದ.